ನಮ್ಮ ಪಕ್ಷ ಹೆಣ್ಣುಮಕ್ಕಳಿಗೆ ಕೊಟ್ಟ ಜಾಗ

ನಮ್ಮ ಸಮಾಜದವರು ಕೂಡಿ ಕಟ್ಟಿದ ಸಣ್ಣ ಪಕ್ಷದಲ್ಲಿ ನಾನು ಜಮಖಾನೆ ಹಾಸುವ ಕಾರ್ಯಕರ್ತ. ದೊಡ್ಡ ಪಕ್ಷಗಳಲ್ಲಿ ಮುಸಲ್ಮಾನರಿಗೆ ಜಾಗವಿಲ್ಲ ಎಂದು ದಿನವೂ ಗೋಳಾಡುವ ನಮ್ಮ ಮುಖಂಡರು, ತಾವು ಹೆಣ್ಣುಮಕ್ಕಳಿಗೆ ಜಾಗ ಕೊಡುವಾಗ ಮಾತ್ರ ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಲೇ ಇರುತ್ತಾರೆ. ದೇವರು ನನಗೆ ಸಹನೆ ಕೊಟ್ಟಿದ್ದಾನೆ; ನೋಡುತ್ತ ಬಂದಿದ್ದೇನೆ.

ಹುಕ್ಕೇರಿಯಲ್ಲಿ ಪಟ್ಟಿ

ಸಭೆಗೆ ಬಂದ ಜಿಲ್ಲಾ ಮುಖಂಡರು ಮಹಿಳಾ ಘಟಕದ ಪಟ್ಟಿ ಕೇಳಿದರು. ನಮ್ಮ ಗೋಕಾಕದ ಅಧ್ಯಕ್ಷರು ಕೊಟ್ಟರು. "ಅಧ್ಯಕ್ಷರ ಮನೆಯವರು, ಖಜಾಂಚಿಯವರ ಮನೆಯವರು, ಕಾರ್ಯದರ್ಶಿಯವರ ತಾಯಿ" ಎಂದಿತ್ತು.

"ಹೆಸರ ಎಲ್ಲಿ ಅದಾವ್ರಿ?"

"ಮನಿ ಹೆಣ್ಣಮಕ್ಕಳ ಹೆಸರ ನಾಕ ಮಂದ್ಯಾಗ ಬರಿಯೂದು ಚಂದ ಅಲ್ಲರಿ ಸಾಹೇಬ್ರ."

"ಇರಲಿ. ಕಾರ್ಯದರ್ಶಿ ತಾಯಿಯವರು ಸಭಾಕ್ಕ ಬರ್ತಾರೇನು?"

ಕಾರ್ಯದರ್ಶಿ ಕೆಮ್ಮಿದ. "ಅಮ್ಮಾ ತೀರಿಕೊಂಡು ಎರಡ ವರ್ಷ ಆತ್ರಿ. ಜಾಗಾ ಖಾಲಿ ಇರಬಾರದಂತ ಬರದೇವಿ."

ಮೂಡಲಗಿಯಲ್ಲಿ ಮೈಕು

ಮಹಿಳಾ ಸಮಾವೇಶ. ಮಹಿಳೆಯರು ಪರದೆಯ ಆಚೆ, ಮೈಕು ಈಚೆ, ಗಂಡಸರ ಕಡೆ. ಪರದೆಯ ತಪ್ಪೇನೂ ಇಲ್ಲ. ಮೈಕಿನ ವಾಯರು ಅಲ್ಲಿಯ ತನಕ ಮುಟ್ಟುತ್ತಿತ್ತು. ಅಧ್ಯಕ್ಷರು ಒಂದು ತಾಸು ಮಾತಾಡಿದರು. ಆಚೆಯಿಂದ ಅವರ ಹೆಂಡತಿಯ, ನಮ್ಮೆಲ್ಲರ ಭಾಬಿಯ, ದನಿ ಬಂತು: "ಮೈಕ್ ಇತ್ಲಾಗ ಕೊಡ್ರಿ. ನಳದ ನೀರಿನ ಮಾತ ಹೇಳೂದೈತಿ."

"ಏ, ಸುಮ್ಮ ಕೂಡು! ಹೆಣ್ಣಮಕ್ಕಳ ದನಿ ಯಾರೂ ಕೇಳೂದಿಲ್ಲಂತ ನಾ ಅದನ್ನ ಹೇಳಾಕತ್ತೇನಿ!"

ಗೋಕಾಕದಲ್ಲಿ ಚುನಾವಣೆ

ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅಲ್ಲಿ ಎಂಟು ದಿನಕ್ಕೊಮ್ಮೆ ನೀರು. ಭಾಬಿ ಕೊಡ ಹಿಡಿದ ಹೆಂಗಸರನ್ನು ಕಟ್ಟಿಕೊಂಡು ನಗರಸಭೆಯ ಬಾಗಿಲಲ್ಲಿ ಎಷ್ಟೋ ಸಲ ಕೂತವರು. ಗೆದ್ದರೆ ಹೊಸ ಪೈಪು ಹಾಕಿಸಿಯೇ ತೀರುತ್ತಿದ್ದರು. ಟಿಕೆಟ್ ಅವರಿಗೇ ಸಿಕ್ಕಿತು. ಆದರೆ ಪೋಸ್ಟರಿನ ತುಂಬ ಅಧ್ಯಕ್ಷರದೇ ಫೋಟೋ, ಕೆಳಗೆ, "ಇವರ ಮನೆಯವರಿಗೆ ಮತ ನೀಡಿ."

"ಭಾಬಿ ಫೋಟೋ ಹಾಕ್ರಿ ಭಾಯಿ," ಎಂದೆ.

"ಮಂದಿ ನನ್ನ ಮಾರಿ ನೋಡಿ ಬಟನ್ ಒತ್ತತಾರ. ನೀ ಜಮಖಾನಿ ಹಾಸು."

ಭಾಬಿ ಮನೆಮನೆ ತಿರುಗಿದರು. ಎಣಿಕೆಯಾದಾಗ ಒಂದೇ ಒಂದು ಮತದಿಂದ ಸೋತರು. ನೀರೂ ಹೋಯಿತು, ಪೈಪೂ ಹೋಯಿತು.

ಅಂದೇ ಅಧ್ಯಕ್ಷರು ಸಭೆ ಕರೆದು ಗುಡುಗಿದರು: "ನಮ್ಮೊಳಗ ಯಾವನೋ ಗದ್ದಾರ, ದ್ರೋಹಿ ಅದಾನ!" ಒಬ್ಬೊಬ್ಬರನ್ನೂ ನಿಲ್ಲಿಸಿ ಆಣೆ ಮಾಡಿಸಿದರು. ಎಲ್ಲರದೂ ಮುಗಿದ ಮೇಲೆ ಭಾಬಿ ಕೇಳಿದರು: "ನೀವು ಯಾರಿಗ ಒತ್ತಿದ್ರಿ?"

ಅಧ್ಯಕ್ಷರು ಗಡ್ಡ ಕೆರೆದುಕೊಂಡರು.

"ಮಷೀನಿನ್ಯಾಗ ನಿನ್ನ ಫೋಟೋ ಇತ್ತು. ಎಷ್ಟ ಹುಡುಕಿದ್ರೂ ನಂದು ಇರಲಿಲ್ಲ. ಅಷ್ಟ ದೊಡ್ಡ ಪೋಸ್ಟರ್ ಹಾಕಿಸಿದಾಂವಗ ಸಿಟ್ಟ ಬರೂದಿಲ್ಲೇನು? ನೋಟಾ ಒತ್ತಿ ಬಂದೆ."