ರಾಯಚೂರಿಗೆ ಹೋದ ನನ್ನ ಸ್ವೆಟರಿನ ತೋಳು

ನನ್ನ ಚಿಕ್ಕಮ್ಮ ಸಮಾಜ ವಿಜ್ಞಾನದ ಟೀಚರ್ ಎಂದು ಸರ್ಕಾರ ನಂಬಿಕೊಂಡಿತ್ತು. ನಾನು ಮಾತ್ರ ನಂಬಿರಲಿಲ್ಲ! ಪುಸ್ತಕವನ್ನೇ ತೆರೆಯದವಳು ಎಂಥ ಟೀಚರ್? ಚಂದಾಪುರದಾಚೆಯ, ದುಡಿಯಲು ಬಂದವರ ಮಕ್ಕಳೇ ತುಂಬಿದ ಸರ್ಕಾರಿ ಶಾಲೆಯಲ್ಲಿ ಅವಳ ಬಾಯಲ್ಲಿ ಒಂದೇ ಮಾತು: “ಪ್ರಾಜೆಕ್ಟ್ ಮಾಡ್ರೋ!”

ಒಮ್ಮೆ ‘ನಮ್ಮ ಬೀದಿಯ ಚರಿತ್ರೆ’ ಪ್ರಾಜೆಕ್ಟು. ಏಳನೇ ಕ್ಲಾಸಿನ ಮಕ್ಕಳು ಟೇಪು ಹಿಡಿದು ಬಾಡಿಗೆ ವಠಾರ ಅಳೆಯುತ್ತಿದ್ದಾಗ ಓನರ್ ಗೌಡರು ಓಡಿಬಂದರು.

“ಯಾರಮ್ಮಾ ನೀವು? ಇಂಗೆ ಅಳ್ದು ಕಂದಾಯ ಏರುಸಕ್ ಬಂದಿದ್ದೀರಾ?”

“ಇಲ್ಲ ಗೌಡ್ರೇ, ಈ ರೂಮ್‌ಗಳು ಏಳೋಕ್ ಮುಂಚೆ ಇಲ್ಲೇನಿತ್ತು ಹೇಳಿ, ಬರ್ಕೋತೀವಿ,” ಎಂದಳು ಚಿಕ್ಕಮ್ಮ.

ಅಷ್ಟೇ! ರಾಗಿ ಹೊಲ, ಕುಂಟೆ, ಎತ್ತುಗಳ ಹೆಸರು... ಗೌಡರ ಮಾತು ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ಮಕ್ಕಳಿಗೆ ಮಜ್ಜಿಗೆಯೂ ಬಂತು.

ಮುಂದಿನದು ‘ನಾವು ಎಲ್ಲಿಂದ ಬಂದೆವು?’ ಕ್ಲಾಸಿನ ಗೋಡೆಗೆ ದೊಡ್ಡ ಕರ್ನಾಟಕ ನಕ್ಷೆ. ಪ್ರತಿ ಮಗುವಿನ ಊರಿಗೊಂದು ಮೊಳೆ, ಅಲ್ಲಿಂದ ಚಂದಾಪುರಕ್ಕೆ ಉಲ್ಲನ್ ದಾರ. ಉಲ್ಲನ್ ಎಲ್ಲಿಯದು? ನಮ್ಮ ಮನೆಯಲ್ಲೇ ಇದ್ದ ಚಿಕ್ಕಮ್ಮನ ಕೈಗೆ ಸಿಕ್ಕ, ಅಮ್ಮ ನನಗೆಂದು ಹೆಣೆಯುತ್ತಿದ್ದ ಸ್ವೆಟರಿನದು!

“ಎಡತೋಳು ಎಲ್ಲಿ ಚಿಕ್ಕಮ್ಮಾ?”

“ರಾಯಚೂರಿಗೆ ಹೋಯ್ತು ಕಣೋ. ಆ ಕಡೆ ಮಕ್ಳೇ ಜಾಸ್ತಿ.”

ಹೆಡ್‌ಮಾಸ್ಟರಿಗೆ ಮಾತ್ರ ತಲೆಬಿಸಿ. “ಪಾಠ ಮುಗ್ದಿಲ್ಲ ಮೇಡಂ. ನಾಳೆ ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಅವ್ರು ಬೇಡ ಅಂದ್ರೆ ನಕ್ಷೆ ಕಿತ್ತಾಕಿ, ಇನ್ಮೇಲೆ ಬರೀ ನೋಟ್ಸ್ ಬರೆಸಿ.” ಯಾರಿಗೂ ಜಗ್ಗದ ಚಿಕ್ಕಮ್ಮ ಅಂದು ಊಟ ಮಾಡಲಿಲ್ಲ.

ಮಾರನೆಯ ದಿನ ಕೊನೆಯ ಮೊಳೆಗಳಿಗೆ ಏಣಿ ಹಿಡಿಯುವ ಬಿಟ್ಟಿ ಕೂಲಿ ನಾನೇ. ಒಳಗೆ ಬಂದ ಸಾಹೇಬರು ಹುಬ್ಬು ಗಂಟಿಕ್ಕಿದರು. “ಏನ್ರೀ ಇದು ಜೇಡರ ಬಲೆ? ಇದ್ರಿಂದ ಮಕ್ಕಳು ಏನು ಕಲೀತಾರೆ?”

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಶಾಂತವ್ವ ಎಂಬ ಹುಡುಗಿ ಎದ್ದಳು. ಬಾಗಲಕೋಟೆ ಕಡೆಯವಳು, ಅಪ್ಪ ಗಾರೆ ಕೆಲಸದವರು.

“ಸಾಹೇಬ್ರ, ನಿಮ್ಮೂರು ಯಾವ್ದ್ರಿ?”

ಸಾಹೇಬರು ನಕ್ಷೆಯತ್ತ ತಿರುಗಿದರು. “ನಮ್ಮೂರು ಈಗ ಇಲ್ಲಮ್ಮಾ. ಕೃಷ್ಣಾ ನದಿಯ ಹಿನ್ನೀರಲ್ಲಿ ಮುಳುಗಿಹೋಯ್ತು.”

“ನಮ್ಮೂರೂ ಹಂಗ ಮುಳಗೇತ್ರಿ. ನೀಲಿ ಬಣ್ಣದ ಮ್ಯಾಲೇ ಮೊಳಿ ಹೊಡದೀವಿ. ಊರು ಹೋದ್ರೂ ದಾರ ಕಟ್ಟಬೇಕು ಅಂದಾರ್ರಿ ನಮ್ಮ ಟೀಚರ್. ನಿಮ್ದೂ ಕಟ್ಟೂಣೇನ್ರಿ?”

ಸಾಹೇಬರು ಬೂಟು ಬಿಚ್ಚಿದರು. ಏಣಿ ಹತ್ತಿ, ಆ ನೀಲಿಯಲ್ಲಿ ಬೆರಳಾಡಿಸಿ, ಒಂದು ಕಡೆ ಒತ್ತಿ ಹಿಡಿದರು. ಮೊಳೆ ಹೊಡೆದು ದಾರ ಕಟ್ಟಿದರು. ಕೆಳಗಿಳಿಯಲಿಲ್ಲ.

“ಇನ್ನೊಂದು ಮೊಳಿ ಕೊಡವ್ವಾ,” ಎಂದರು, ಅಷ್ಟುಹೊತ್ತಿನ ಆಫೀಸು ಕನ್ನಡ ಬಿಟ್ಟು. “ನಮ್ಮವ್ವನ ತವರೂರೂ ಅಲ್ಲೇ ಬಾಜೂಕ ಇತ್ತು.”

ನಕ್ಷೆ ಗೋಡೆಯ ಮೇಲೇ ಉಳಿಯಿತು. ಏಣಿ ಹಿಡಿದಿದ್ದ ನನಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆ ಟೀಚರ್ ನನ್ನ ಚಿಕ್ಕಮ್ಮ ಕಣ್ರೀ, ನನ್ನ ಸ್ವಂತ ಚಿಕ್ಕಮ್ಮ!