ಜಡೆಯ ಹಿಂದೆ ಮೂರು ಕಿಲೋಮೀಟರ್

ಬೆಳಗಿನ ಆರೂವರೆಗೆ ನೂರಾರು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಒಂದು ಕಡೆ ಸೇರಿದ ಮೇಲೆ, ನಗು ಬರುವಂಥದ್ದು ಏನಾದರೂ ಆಗಲೇಬೇಕು. ನಾನು ಹೆಬ್ಬಾಳದ ಹತ್ತಿರ ಮಕ್ಕಳ ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ನರ್ಸ್. ಇನ್ಸುಲಿನ್ ಚುಚ್ಚಿಕೊಳ್ಳೋದನ್ನ, ಎಷ್ಟು ಇಡ್ಲಿ ತಿಂದರೆ ಎಷ್ಟು ಇನ್ಸುಲಿನ್ ಅಂತ ಲೆಕ್ಕ ಹಾಕೋದನ್ನ ಪುಟ್ಟ ಮಕ್ಕಳಿಗೆ ಕಲಿಸೋದು ನನ್ನ ಕೆಲಸ. ಈ ಕಾಯಿಲೆಯ ಸಂಶೋಧನೆಗೆ ಸಹಾಯವಾಗಲಿ ಅಂತ ಕೋಗಿಲು ಕಡೆ ವರ್ಷಕ್ಕೊಂದು ಓಟ ನಡೆಯುತ್ತೆ. ಹದಿನೆಂಟು ತುಂಬಿದ ಮಕ್ಕಳು ದೊಡ್ಡವರ ವಿಭಾಗಕ್ಕೆ ಹೋಗಿಬಿಡ್ತಾರೆ, ಮತ್ತೆ ನಮ್ಮ ಬಾಗಿಲಿಗೆ ಬರೋದಿಲ್ಲ. ಅವರ ಮುಖ ಕಾಣೋದು ಓಟದ ದಿನ ಮಾತ್ರ, ಅದೂ ಬಂದರೆ. ಅದಕ್ಕೇ ನಾನು ಎಲ್ಲರಿಗಿಂತ ಮೊದಲು ಹೋಗಿ ನಿಲ್ಲೋದು.

ನಂಬರ್

ಒಂದು ವರ್ಷ ಎದೆಗೆ ಅಂಟಿಸೋ ನಂಬರ್ ಹಂಚೋ ಮೇಜಿನಲ್ಲಿ ಕೂತಿದ್ದೆ. ಕೊಡಿಗೇಹಳ್ಳಿಯ ಇಬ್ಬರು ಹಿರಿಯರು ಬಂದರು. ಒಬ್ಬರಿಗೆ ಚೀಟಿ ಕೊಟ್ಟು, "ನಿಮ್ಮದು ಇನ್ನೂರ ಹನ್ನೆರಡು" ಅಂದೆ.

ಅವರು ಕುರ್ಚಿ ಎಳಕೊಂಡು ಕೂತೇಬಿಟ್ಟರು. "ಅಷ್ಟಾಗೋಯ್ತಾ? ಬೆಳಿಗ್ಗೆಯಿಂದ ಬಾಯಿಗೆ ಏನೂ ಆಕಿಲ್ಲ ಕಣಮ್ಮಾ."

ಅದು ಸಕ್ಕರೆ ಅಂಶ ಅಲ್ಲ, ಓಟದ ನಂಬರ್ ಅಂತ ಬಿಡಿಸಿ ಹೇಳಿದೆ. ಅವರು ತಲೆ ಆಡಿಸಿದರು. ಆಮೇಲೆ ಜೊತೆಗಾರನ ಎದೆ ಮೇಲಿದ್ದ ತೊಂಬತ್ತೆಂಟನ್ನ ಒಂದು ಗಳಿಗೆ ನೋಡಿದರು.

"ಅಂಗಾದ್ರೂ ನಂಗೂ ತೊಂಬತ್ತೆಂಟೇ ಕೊಟ್ಬಿಡಿ."

ಅಡ್ವಾನ್ಸ್

ನಮ್ಮ ಕ್ಲಿನಿಕ್ಕಿಗೆ ಒಂದು ಹುಡುಗಿ ಬರ್ತಿದ್ದಳು. ಕೆಂಪಾಪುರದವಳು. ಆರನೇ ವಯಸ್ಸಿಗೆ ಮೊದಲ ಸೂಜಿ ಹಾಕಿಸ್ಕೊಂಡದ್ದು ನನ್ನ ಮಡಿಲಲ್ಲೇ. ನನಗೆ ಮಕ್ಕಳಿಲ್ಲ. ಅವಳ ಸರದಿ ಬರೋ ದಿನ ನಾನು ರಜೆ ಹಾಕ್ತಿರಲಿಲ್ಲ.

ಒಂಬತ್ತು ವರ್ಷದವಳಿದ್ದಾಗ ಓಟದ ಮಧ್ಯೆ, ದಾರಿಯಲ್ಲಿದ್ದ ನನ್ನ ಜ್ಯೂಸಿನ ಮೇಜಿನ ಮುಂದೆ ನಿಂತು, "ಸಿಸ್ಟರ್, ಶುಗರ್ ಲೋ ಆಗಿದೆ, ಜ್ಯೂಸ್ ಕೊಡಿ" ಅಂದಳು. ಬೆರಳು ಚುಚ್ಚಿ ನೋಡಿದರೆ ಎಲ್ಲಾ ಸರಿಯಾಗಿದೆ.

"ಲೋ ಇಲ್ವಲ್ಲೇ."

"ಇನ್ನೂ ಅರ್ಧ ದಾರಿ ಇದೆ ಸಿಸ್ಟರ್. ಆಗೇ ಆಗುತ್ತೆ. ಅಡ್ವಾನ್ಸ್ ಕೊಟ್ಟಿರಿ."

ತಲೆ ಬಾಚಿದ್ದಕ್ಕೆ

ಮರುವರ್ಷ ಬ್ಯಾನರ್ ಹಿಡಿದಿದ್ದ ದೊಡ್ಡ ಮನುಷ್ಯರೊಬ್ಬರು ಅವಳ ಕೆನ್ನೆ ತಟ್ಟಿ, "ಪಾಪ, ಇಷ್ಟು ಚಿಕ್ಕೋಳಿಗೆ ಶುಗರಾ? ಚಾಕಲೇಟ್ ಜಾಸ್ತಿ ತಿಂದ್ಯಾ ಪುಟ್ಟಾ?" ಅಂದರು. ಮಕ್ಕಳ ಈ ಕಾಯಿಲೆ ಸಿಹಿ ತಿಂದು ಬರೋದಲ್ಲ, ಆದರೂ ಈ ಮಾತನ್ನ ಅವರು ದಿನಾ ಕೇಳ್ತಾರೆ. ಎಷ್ಟೋ ತಾಯಂದಿರು ಇದಕ್ಕೇ ನನ್ನೆದುರು ಅತ್ತಿದ್ದಾರೆ.

ಅವಳು ಅಳಲಿಲ್ಲ. ಅವರ ಬೋಳುತಲೆಯನ್ನ ಸಮಾಧಾನವಾಗಿ ನೋಡಿ ಕೇಳಿದಳು: "ಇಲ್ಲ ಅಂಕಲ್. ನೀವು ತಲೆ ಜಾಸ್ತಿ ಬಾಚ್ಕೊಂಡ್ರಾ?"

ಜಡೆ

ಹದಿನೆಂಟಾಯ್ತು. ಅವಳು ಕಾನೂನು ಓದೋಕೆ ಧಾರವಾಡಕ್ಕೆ ಹೋದಳು. ಎರಡು ವರ್ಷ ಓಟಕ್ಕೆ ಬರಲಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಏನಂತ ಮಾಡಲಿ? ನಾನು ತಾಯಿಯಲ್ಲ, ಅತ್ತೆಯಲ್ಲ. ಈಗ ಅವಳ ನರ್ಸೂ ಅಲ್ಲ.

ಈ ಸಲ ಓಟ ಶುರುವಾದಾಗ ಗುಂಪಿನಲ್ಲಿ ಅವಳದ್ದರ ಹಾಗೇ ಸೊಂಟ ದಾಟಿದ ಒಂದು ಜಡೆ ಕಂಡಿತು. ಅದೇ ನಡಿಗೆ, ಎಡ ಭುಜ ಸ್ವಲ್ಪ ಇಳಿಬಿಟ್ಟು. ಕೈಯಲ್ಲಿದ್ದ ನೀರಿನ ಲೋಟಗಳನ್ನ ಪಕ್ಕದವರಿಗೆ ಕೊಟ್ಟು ಓಡಿದೆ. ಹೆಸರು ಹಿಡಿದು ಕೂಗಿದೆ. ಜಡೆ ನಿಲ್ಲಲಿಲ್ಲ. ವಯಸ್ಸು ಐವತ್ತೊಂದು, ಕಾಲಲ್ಲಿ ಡ್ಯೂಟಿ ಚಪ್ಪಲಿ, ಎದೆ ಮೇಲೆ ನಮಗೂ ಅಂಟಿಸಿದ್ದ ಓಟದ ನಂಬರ್. ಕೆರೆ ಏರಿ ದಾಟಿದೆ, ತಿರುವು ದಾಟಿದೆ. ಮೂರು ಕಿಲೋಮೀಟರ್ ಮುಗಿಯೋ ಗೆರೆ ದಾಟಿದ ಮೇಲೆಯೇ ಅವಳ ತೋಳು ಸಿಕ್ಕಿದ್ದು.

ತಿರುಗಿದವಳು ಯಾರೋ ಬೇರೆ ಹುಡುಗಿ. ಕಿವಿಯಿಂದ ಹಾಡಿನ ತಂತಿ ತೆಗೆದು, "ಏನಾಯ್ತು ಆಂಟಿ?" ಅಂದಳು.

"ಏನಿಲ್ಲಮ್ಮ" ಅಂತ ಅಲ್ಲೇ ಕಲ್ಲಿನ ಮೇಲೆ ಕೂತೆ. ಕಣ್ಣು ಒರೆಸ್ಕೊಳ್ತಿದ್ದೆ. ಅಷ್ಟರಲ್ಲಿ ಸ್ವಯಂಸೇವಕರು ಬಂದು ಕೊರಳಿಗೆ ಪದಕ ಹಾಕಿದರು. ನಲವತ್ತೈದು ದಾಟಿದ ಹೆಂಗಸರಲ್ಲಿ ನನಗೆ ಮೂರನೇ ಬಹುಮಾನ ಬಂದಿತ್ತು. ಗೆದ್ದಿದ್ದಕ್ಕೆ ಅಳು ಬಂದಿದೆ ಅಂತ ಎಲ್ಲರೂ ಚಪ್ಪಾಳೆ ಹೊಡೆದರು, ಯಾರೋ ನನ್ನ ಫೋನಿನಲ್ಲೇ ಒಂದು ಫೋಟೋ ತೆಗೆದುಕೊಟ್ಟರು.

ಆ ಫೋಟೋವನ್ನ ಧೈರ್ಯ ಮಾಡಿ ಅವಳಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಸಿಸ್ಟರ್, ಓಡೋಕೆ ಮುಂಚೆ ಏನಾದ್ರೂ ತಿಂದಿದ್ರಾ?"

ತಿಂದಿರಲಿಲ್ಲ. ಇಷ್ಟು ವರ್ಷ ಊಟದ ವಿಷಯದಲ್ಲಿ ಸುಳ್ಳು ಹೇಳೋ ಮಕ್ಕಳನ್ನ ಗದರಿಸಿದ ನಾನು, "ಇಡ್ಲಿ" ಅಂತ ಬರೆದೆ.

ಅವಳು ಕೇಳಿದಳು: "ಎಷ್ಟು?"