ಹುಳ ಹಣ್ಣಾದ ದಿನ ನನ್ನ ಎಲೆಕ್ಟ್ರಾನಿಕ್ ಕಚೇರಿ

ಬೈರಮಂಗಲದ ಕೆರೆ ಏರಿಯಿಂದ ಹಿಡಿದು ಕೆಂಗಲ್ ಆಂಜನೇಯನ ಗುಡಿಯವರೆಗೆ ಇದುವರೆಗೆ ಯಾವ ಗಂಡಸೂ ಮಾಡದ ಘನಕಾರ್ಯವೊಂದನ್ನು ಮಾಡಿಯೇ ತೀರುತ್ತೇನೆಂದು ಎರಡು ಸಾವಿರದ ಏಳನೇ ಇಸವಿಯಲ್ಲಿ ನಾನು ಪ್ರತಿಜ್ಞೆ ಮಾಡಿದೆ. ಮಾಡಿದ್ದು ಕೊಟ್ಟಿಗೆ ಬಾಗಿಲಲ್ಲಿ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದುಕೊಂಡು. ಕೇಳಿಸಿಕೊಂಡವರು ನನ್ನ ಹೆಂಡತಿ ಮುನಿರತ್ನ ಮತ್ತು ಅವಳು ಹಾಲು ಕರೆಯುತ್ತಿದ್ದ ಎಮ್ಮೆ.

"ಈ ಸಲ ಕಂಪನಿ ರಾಜ್ಯೋತ್ಸವದಲ್ಲಿ ನಾನು ಎಲೆಕ್ಟ್ರಾನಿಕ್ ಮ್ಯೂಸಿಕ್ ಪ್ರೋಗ್ರಾಂ ಕೊಡ್ತೀನಿ ಕಣೇ ರತ್ನ. ಲೈವ್!"

"ಕೊಡಿ," ಅಂದಳು ಅವಳು ತಲೆ ಎತ್ತದೆ. "ಬಾಯಿ ತೊಳ್ಕಂಡು ಕೊಡಿ."

ನಾನು, ಅಂದರೆ ಅನಂತರಾಜು, ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಕ್ವಾಲಿಟಿ ವಿಭಾಗದವನು. ಮಾಲು ಸರಿಯಿದೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವುದು ನನ್ನ ಉದ್ಯೋಗ. ಒಳಗೊಳಗೆ ಮಾತ್ರ ನಾನೊಬ್ಬ ಸಂಗೀತಗಾರ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಕೀಬೋರ್ಡು, ಒಂದು ಜೋಡಿಸಿದ ಕಂಪ್ಯೂಟರು, ಎರಡು ಸ್ಪೀಕರು, ಇಷ್ಟೇ ನನ್ನ ವಾದ್ಯಗೋಷ್ಠಿ. ಇದರಲ್ಲಿ ನಾನು ಸರಿಗಮ ನುಡಿಸುತ್ತಿರಲಿಲ್ಲ. ಒಂದು ಕೀ ಒತ್ತಿದರೆ ನಮ್ಮ ಕಂಪನಿಯ ಪ್ರೆಸ್ ಮಿಷನ್ನು ಧಡ್ ಅನ್ನುತ್ತದೆ. ಪಕ್ಕದ್ದು ಒತ್ತಿದರೆ ಗಾಳಿ ಪೈಪು ಟಿಸ್ ಅನ್ನುತ್ತದೆ. ಇನ್ನೊಂದರಲ್ಲಿ ನಮ್ಮ ಮನೆಯ ರೇಷ್ಮೆಹುಳ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ. ಇವನ್ನೆಲ್ಲ ಮೊಬೈಲಿನಲ್ಲಿ ಕದ್ದು ಹಿಡಿದು, ಕಂಪ್ಯೂಟರಿಗೆ ತುಂಬಿ, ತಾಳಕ್ಕೆ ಕೂರಿಸಿದ್ದೆ. ಎರಡು ವರ್ಷದ ತಪಸ್ಸು ಅದು.

ನಮ್ಮ ಯೂನಿಯನ್ನಿನ ಕಲ್ಚರಲ್ ಸೆಕ್ರೆಟರಿ ಸಿದ್ಧಾರ್ಥ. ನನ್ನ ಲೈನಿನಲ್ಲೇ ಕೆಲಸ ಮಾಡುವವನು, ಸೋಲೂರಿನ ಕಡೆಯವನು. ಅವನಿಗೆ ಕ್ಯಾಂಟೀನಿನಲ್ಲಿ ವಿಷಯ ತಿಳಿಸಿದೆ.

"ಹಾಡು ಇಲ್ವೇನ್ಲಾ?"

"ಇಲ್ಲ. ಬರೀ ಸೌಂಡು. ನಮ್ಮ ಮಿಷನ್ನುಗಳದ್ದೇ ಸೌಂಡು."

"ಅದನ್ನ ಸಂಬಳ ಕೊಟ್ಟು ದಿನಾ ಕೇಳಿಸ್ತಾವ್ರಲ್ಲೋ. ರಜದ ದಿನಾನೂ ಕೇಳ್ಬೇಕಾ?" ಅಂದ. ಆದರೂ ಸ್ನೇಹಿತ ನೋಡಿ, ಸಂಜೆಯ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಹಾಕಿಬಿಟ್ಟಿದ್ದ. ಕೋಲಾಟಕ್ಕೂ ಬಹುಮಾನ ವಿತರಣೆಗೂ ನಡುವೆ, ದಪ್ಪ ಅಕ್ಷರದಲ್ಲಿ.

ಆ ಅಕ್ಷರ ನೋಡಿದ್ದೇ ನೋಡಿದ್ದು, ನನಗೆ ಹೆದರಿಕೆ ಹತ್ತಿಕೊಂಡಿತು. ಅದುವರೆಗೆ ನನ್ನ ಸಂಗೀತವನ್ನು ಹೆಡ್‌ಫೋನ್ ಹಾಕಿಕೊಂಡು ನಾನೊಬ್ಬನೇ ಕೇಳಿದ್ದೆ. ನಾನು ಬಹಳ ಒಳ್ಳೆಯ ಶ್ರೋತೃ. ಬೇರೆಯವರ ವಿಷಯ ಯಾರಿಗೆ ಗೊತ್ತು? ನಗುತ್ತಾರೋ, ಎದ್ದು ಹೋಗುತ್ತಾರೋ? ರಾತ್ರಿ ಊಟ ಸೇರದು, ಕೂತಲ್ಲಿ ಕೂರಲಾಗದು. ಅಂಗೈ ಬೆವರಿ ಬೆವರಿ, ಕಂಪನಿಯಲ್ಲಿ ಮುದ್ರೆ ಒತ್ತಿದರೆ ಇಂಕು ಕಲಸಿಹೋಗುತ್ತಿತ್ತು. ಒಳ್ಳೆಯ ಮಾಲೆಲ್ಲ ರಿಜೆಕ್ಟ್ ಆದ ಹಾಗೆ ಕಾಣುತ್ತಿತ್ತು.

ಒಬ್ಬೊಬ್ಬರಿಂದ ಒಂದೊಂದು ಮದ್ದು ಬಂತು. ನಮ್ಮವ್ವ ಚಿಕ್ಕಲಕ್ಷ್ಮಮ್ಮ ಮೂರು ದಾರಿ ಸೇರುವಲ್ಲಿನ ಮಣ್ಣು ತಂದು ನಿವಾಳಿಸಿ ಒಲೆಗೆ ಹಾಕಿದಳು. ಸಿದ್ಧಾರ್ಥ, "ಎದುರಿಗೆ ಕುಂತಿರೋರ್ನೆಲ್ಲ ಬದನೆಕಾಯಿ ಅಂದ್ಕೊ," ಅಂದ. ಆ ರಾತ್ರಿ ಕನಸಿನಲ್ಲಿ ಒಂದು ಗದ್ದೆ ಬದನೆಕಾಯಿ ನನ್ನ ನೋಡಿ ನಕ್ಕವು.

ಕೊನೆಗೆ ನನಗೇ ಮಿಂಚು ಹೊಡೆಯಿತು. ಹೆದರಿಕೆ ಯಾವುದಕ್ಕೆ? ತಲೆಗಳಿಗೆ. ತುಂಬ ತಲೆ ಒಟ್ಟಿಗೆ ನನ್ನ ಕಡೆ ತಿರುಗಿದರೆ ಭಯ. ಹಾಗಾದರೆ ತಲೆಗಳ ಮುಂದೆಯೇ ಅಭ್ಯಾಸ ಮಾಡಬೇಕು. ನಮ್ಮ ಹುಳುಮನೆಯಲ್ಲಿ ಎಷ್ಟು ತಲೆ ಬೇಕು? ತಟ್ಟೆ ತಟ್ಟೆಯಲ್ಲಿ ಸಾವಿರಾರು ಇವೆ. ಕೈಯಿಲ್ಲದ್ದರಿಂದ ಕಲ್ಲು ತೂರುವ ಭಯವೂ ಇಲ್ಲ.

ಹುಳುಮನೆ ರತ್ನನ ಸಾಮ್ರಾಜ್ಯ. ನನ್ನ ಸಂಬಳ ಮನೆ ನಡೆಸುತ್ತದೆ ಎಂಬುದು ನನ್ನ ನಂಬಿಕೆ, ಅವಳ ಹುಳ ನಡೆಸುತ್ತವೆ ಎಂಬುದು ಉಳಿದೆಲ್ಲರ ನಂಬಿಕೆ. ಅಲ್ಲಿಗೆ ಕಾಲು ತೊಳೆಯದೆ ಹೋಗುವಂತಿಲ್ಲ. ಸೆಂಟು ಹಾಕುವಂತಿಲ್ಲ, ನಶ್ಯ ಏರಿಸುವಂತಿಲ್ಲ, ಒಗ್ಗರಣೆ ಘಾಟು ಆ ಕಡೆ ಸುಳಿಯುವಂತಿಲ್ಲ.

"ಒಸಿ ಹೊತ್ತು, ಅಷ್ಟೇ," ಅಂದೆ.

"ನನ್ನ ಹುಳಕ್ಕೇನಾದ್ರೂ ಆದ್ರೆ, ನಿಮ್ಮನ್ನ ನಿಮ್ಮ ಪೆಟ್ಟಿಗೆ ಸಮೇತ ಕೆರೆಗೆ ಹಾಕ್ತೀನಿ," ಅಂದಳು. ಒಪ್ಪಿಗೆ ಸಿಕ್ಕಿತು.

ಮೊದಲ ದಿನವೇ ಅದ್ಭುತ. ನಾನು ಧಡ್ ಅನ್ನಿಸಿದೆ, ಟಿಸ್ ಅನ್ನಿಸಿದೆ. ನೋಡುತ್ತೇನೆ, ಅಷ್ಟೂ ತಟ್ಟೆಯ ಅಷ್ಟೂ ಹುಳ ತಲೆ ಮೇಲೆತ್ತಿ ಅಲುಗಾಡದೆ ಕೂತಿವೆ! ಮೇಯುವುದನ್ನೂ ಬಿಟ್ಟಿವೆ! ನನಗೆ ಕಣ್ಣಲ್ಲಿ ನೀರು ಬಂತು.

"ರತ್ನ, ಬಾ ಇಲ್ಲಿ. ಹೆಂಗೆ ಮೈಮರೆತು ಕೇಳ್ತಾ ಅವೆ ನೋಡು."

ಅವಳು ಬಾಗಿಲಲ್ಲಿ ನಿಂತು ನೋಡಿದಳು. "ಜ್ವರಕ್ಕೆ ಕುಂತವೆ ಕಣ್ರೀ. ಪೊರೆ ಬಿಡೋವರ್ಗೂ ಹಂಗೇ ಇರ್ತವೆ. ನೀವು ಬಾರ್ಸಿದ್ರೂ ಅಷ್ಟೆ, ಬುಟ್ರೂ ಅಷ್ಟೆ."

ಹುಳ ಸಾಕುವ ಮನೆಯಲ್ಲೇ ಹುಟ್ಟಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಲಾವಿದನ ಹೃದಯಕ್ಕೆ ಎಲ್ಲವನ್ನೂ ತಿಳಿಸಬಾರದು. ಪೊರೆ ಕಳಚಿ ಜ್ವರ ಬಿಟ್ಟ ಮೇಲೆ ಹುಳ ತಮ್ಮ ಪಾಡಿಗೆ ಮೇದವು, ನಾನು ನನ್ನ ಪಾಡಿಗೆ ನುಡಿಸಿದೆ. ದಿನ ಕಳೆದ ಹಾಗೆ ಅಂಗೈ ಬೆವರುವುದು ನಿಂತಿತು. ಇನ್ನೊಂದೇ ಕೊರತೆ ಉಳಿದಿತ್ತು, ಸ್ಟೇಜಿನ ಲೈಟು. ಕಣ್ಣಿಗೆ ಲೈಟು ಹೊಡೆದರೆ ಗಲಿಬಿಲಿಯಾಗುತ್ತದಲ್ಲ, ಅದಕ್ಕೂ ಅಭ್ಯಾಸ ಬೇಕು. ಮದುವೆ ವಿಡಿಯೋದವರ ಹತ್ತಿರ ಒಂದು ಫೋಕಸ್ ಲೈಟು ಇಸಿದುಕೊಂಡು ಬಂದು, ರತ್ನ ಸೊಪ್ಪಿಗೆ ಹೋದ ಹೊತ್ತಿನಲ್ಲಿ ಹುಳುಮನೆಯಲ್ಲಿ ಉರಿಸಿಕೊಂಡು ನುಡಿಸತೊಡಗಿದೆ. ಒಳಗೆ ಬೆಚ್ಚಗೆ, ಹಾಯಾಗಿತ್ತು. ನನಗೂ, ಹುಳಕ್ಕೂ.

ಶಾಖ ಹೆಚ್ಚಾದರೆ ಹುಳ ಬೇಗ ಹಣ್ಣಾಗುತ್ತವೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತವೆ. ಇದೂ ನನಗೆ ಗೊತ್ತಿದ್ದ ವಿಷಯವೇ!

ಕಾರ್ಯಕ್ರಮದ ಭಾನುವಾರ ಬೆಳಗ್ಗೆ ರತ್ನ ಹುಳುಮನೆಯಿಂದಲೇ ಕೂಗಿದಳು. ಹೋಗಿ ನೋಡಿದರೆ ಹುಳಗಳೆಲ್ಲ ಹಳದಿ ತಿರುಗಿ, ಮೈ ಗಾಜಿನ ಹಾಗಾಗಿ, ಗೂಡು ಕಟ್ಟಲು ಜಾಗ ಹುಡುಕಿಕೊಂಡು ತಟ್ಟೆ ಅಂಚಿಗೆ ಹತ್ತುತ್ತಿವೆ. ಇನ್ನು ತಡ ಮಾಡುವಂತಿಲ್ಲ. ಒಂದೊಂದನ್ನೇ ಕೈಯಲ್ಲಿ ಆರಿಸಿ, ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಬಿಡದಿದ್ದರೆ ಗೋಡೆಗೆ, ಮೂಲೆಗೆ, ಒಂದರ ಮೇಲೊಂದು ಬಿದ್ದು ನೂಲೆಲ್ಲ ಹಾಳು.

"ನಾಳೆ ಹಣ್ಣಾಗ್ಬೇಕಿತ್ತು," ಅಂದಳು ರತ್ನ, ನನ್ನ ಮುಖ ನೋಡುತ್ತ. "ಆಳಿಗೆ ನಾಳೆಗೇ ಹೇಳಿರೋದು. ಇವತ್ತು ಯಾಕೆ ಹಿಂಗಾದೋ."

ನಾನು ಚಾವಣಿ ನೋಡಿದೆ. ಆದರೆ ನಿಜ ಹೇಳಿಬಿಡುತ್ತೇನೆ, ಆ ಕ್ಷಣದಲ್ಲಿ ನನ್ನ ಹೊಟ್ಟೆಯೊಳಗೆ ಹಾಲು ಸುರಿದ ಹಾಗಾಯಿತು. ಎದ್ದಾಗಿನಿಂದ ಮತ್ತೆ ಹಿಡಿದಿದ್ದ ಹೆದರಿಕೆ ಇಳಿದು, ಹೋದ ಜೀವ ಮರಳಿ ಬಂತು. ಬಿಡದಿಯ ಯಾವ ಕಂಪನಿಯಲ್ಲಾದರೂ ಕೇಳಿ, ಅಜ್ಜಿ ಸತ್ತಳೆಂದರೆ ಪರೀಕ್ಷೆ ಮಾಡಿ ರಜ ಕೊಡುತ್ತಾರೆ. "ಹುಳ ಹಣ್ಣಾಗವೆ" ಅಂದರೆ ಮರುಮಾತಿಲ್ಲ. ಹಿತ್ತಿಲಿಗೆ ಹೋಗಿ ಸಿದ್ಧಾರ್ಥನಿಗೆ ಫೋನ್ ಮಾಡಿದೆ. ದನಿಗೆ ಬೇಕಾದಷ್ಟು ದುಃಖ ಬೆರೆಸಿದೆ.

"ಬರಕ್ಕಾಗಲ್ಲ ಕಣ್ಲಾ. ಹುಳ ಹಣ್ಣಾಗ್ಬುಟ್ಟವೆ. ಆಳೂ ಇಲ್ಲ. ನನ್ನ ಐಟಂ ತೆಗೆದುಬಿಡು."

"ಅಯ್ಯೋ, ಹೌದಾ? ಸರಿ, ಇಡು," ಅಂದ.

ಎಷ್ಟು ಸಲೀಸು! ನಾನು ಹಾಡಿಕೊಂಡು ಬಂದು ಹುಳ ಆರಿಸಲು ಕೂತೆ.

"ಫೋನ್ ಯಾರಿಗೆ?" ರತ್ನ ಕೇಳಿದಳು.

"ಸಿದ್ಧಾರ್ಥನಿಗೆ. ಪ್ರೋಗ್ರಾಂಗೆ ಬರಲ್ಲ ಅಂದೆ. ನಿನ್ನ ಕಷ್ಟ ನೋಡ್ಕಂಡು ಹೋಗಕ್ಕೆ ಮನಸ್ಸು ಬಂದದಾ?"

ಅವಳು ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟು ಹೇಳಿದಳು: "ನನ್ನ ಕಷ್ಟ ಅಲ್ಲ. ನಿಮಗೆ ಹೆದ್ರಿಕೆ."

ನಾನು ಇನ್ನೊಂದು ಹುಳ ಆರಿಸಿದೆ. ಬೇಜಾರಾಯಿತು, ಅವಳು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಆಗುತ್ತಿರಲಿಲ್ಲ.

ಮಧ್ಯಾಹ್ನ ಬೀದಿಯಲ್ಲಿ ದೊಡ್ಡ ಹಾರನ್ ಕೇಳಿತು. ಹೊರಗೆ ಬಂದು ನೋಡಿದರೆ ನಮ್ಮ ಕಂಪನಿ ಬಸ್ಸು! ಅದರಿಂದ ಸಿದ್ಧಾರ್ಥ ಇಳಿದ, ಅವನ ಹಿಂದೆ ನಮ್ಮ ಇಡೀ ಶಿಫ್ಟು ಇಳಿಯಿತು. ಎಲ್ಲರ ಕೊರಳಲ್ಲೂ ಕೆಂಪು ಹಳದಿ ಶಾಲು. ಬಸ್ಸಿನ ಹಿಂದೆ ಮೈಕ್ ಸೆಟ್ಟಿನ ಟೆಂಪೋ.

"ಏನ್ಲಾ ಇದು?" ಅಂದೆ.

"ಮುಯ್ಯಾಳು ಕಣ್ಲಾ," ಅಂದ ಸಿದ್ಧಾರ್ಥ ತೋಳು ಮಡಚುತ್ತ. "ಹೋದ ವರ್ಷ ನಮ್ಮನೇಲಿ ಹಣ್ಣಾದಾಗ ನೀನು ಬಂದಿರ್ಲಿಲ್ವಾ? ಚೀಫ್ ಗೆಸ್ಟೂ ಬರಲ್ಲ ಅಂದ್ಬುಟ್ರು, ಅಲ್ಲಿ ಕುಂತು ಏನ್ ಮಾಡನ? ಹುಳ ಬುಟ್ಬುಟ್ಟು ಇಲ್ಲೇ ನಿನ್ನಂಗಳದಲ್ಲೇ ರಾಜ್ಯೋತ್ಸವ ಮಾಡ್ಬುಡನ. ನಿನ್ನ ಐಟಂ ಕೈಬಿಡಕ್ಕಾಯ್ತದಾ?"

ಓಡಿಹೋಗಲು ನೋಡಿದೆ. ಹಿತ್ತಿಲ ಬಾಗಿಲಲ್ಲಿ ಎಮ್ಮೆ ಅಡ್ಡ ಮಲಗಿತ್ತು.

ನಮ್ಮವ್ವ ಬಕೆಟ್ಟಿನಲ್ಲಿ ಬ್ಲೀಚಿಂಗ್ ನೀರು ಹಿಡಿದು ಹುಳುಮನೆ ಬಾಗಿಲಲ್ಲಿ ನಿಂತಳು. ಒಬ್ಬೊಬ್ಬರನ್ನೇ ಕಾಲು ತೊಳೆಸಿ, ಕೈ ತೊಳೆಸಿ, ಹತ್ತಿರಕ್ಕೆ ಎಳೆದು ಮೂಸಿ ನೋಡಿ ಒಳಗೆ ಬಿಟ್ಟಳು. ಹಬ್ಬವೆಂದು ಸೆಂಟು ಹೊಡೆದುಕೊಂಡು ಬಂದವರೆಲ್ಲ ಅಡುಗೆಮನೆ ಕಡೆ ಹೋಗಿ ಈರುಳ್ಳಿ ಹೆಚ್ಚಲು ಕೂತರು. ಸೂಪರ್‌ವೈಸರ್ ಸಾಹೇಬರೂ ಅದರಲ್ಲಿ ಒಬ್ಬರು. ಕಂಪನಿಯಲ್ಲಿ ನಟ್ಟು ಬೋಲ್ಟು ಎಣಿಸುವ ಕೈಗಳು ಹುಳ ಆರಿಸಿದ ಚಂದ ನೋಡಬೇಕಿತ್ತು, ಒಂದೂ ನಲುಗಲಿಲ್ಲ. ಹೊತ್ತು ಇಳಿಯುವುದರೊಳಗೆ ತಟ್ಟೆಗಳೆಲ್ಲ ಖಾಲಿ. ಬೆಳಗ್ಗೆಯಿಂದ ಬಿಗಿದುಕೊಂಡಿದ್ದ ರತ್ನನ ಮುಖ ಸಡಿಲವಾಯಿತು. ಅದನ್ನು ನೋಡಿ ನನಗೂ ಸಂತೋಷವಾಯಿತು.

"ಈಗ ಹೊಡೀಲಾ," ಅಂದ ಸಿದ್ಧಾರ್ಥ.

ಅಂಗಳದಲ್ಲಿ ಕೀಬೋರ್ಡು ಇಟ್ಟು ವೈರು ಸಿಕ್ಕಿಸಿದೆ. ಎದುರಿಗೆ ಜಮಖಾನದ ಮೇಲೆ ಇಡೀ ಶಿಫ್ಟು. ತಲೆಗಳೆಲ್ಲ ನನ್ನ ಕಡೆ. ಬೆರಳು ಕೀ ಮೇಲೆ ಇಟ್ಟರೆ ಬೆರಳೂ ನನ್ನದಲ್ಲ, ಕೀಯೂ ನನ್ನದಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಒಂದೂ ನೆನಪಾಗಲೊಲ್ಲದು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ರತ್ನ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೀಬೋರ್ಡಿನ ಪಕ್ಕದಲ್ಲೇ ಕೂತಳು. ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು: "ಮೊದ್ಲು ಮಳೆ ಬರೋದು. ಆಮೇಲೆ ಧಡ್ ಅನ್ನೋದು, ಎರಡು ಸಲ."

"ನಿಂಗೆ ಹೆಂಗೊತ್ತು?"

"ದಿನಾ ಗೋಡೆ ಆಚೆ ಕುಂತು ಕೇಳ್ತಿರ್ಲಿಲ್ವಾ? ಆ ತಾಳಕ್ಕೇ ಸೊಪ್ಪು ಹೆಚ್ಚುತಿದ್ದೆ. ಚೆಂದಾಗೈತೆ. ಹೊಡೀರಿ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನಗೆ ಚೆಂದ ಅಂದದ್ದು ಅದೇ ಮೊದಲು. ಎರಡು ವರ್ಷ ನಾನು ಯಾರ ಬಾಯಿಂದ ಕೇಳಬೇಕು ಅಂತ ಕಾದಿದ್ದೆನೋ ಆ ಬಾಯಿಂದಲೇ ಕೇಳಿಬಿಟ್ಟಿದ್ದೆ. ಇನ್ನು ಯಾರು ನಕ್ಕರೇನು, ಎದ್ದು ಹೋದರೇನು? ಮಳೆ ಶುರು ಮಾಡಿದೆ.

ಮಳೆ ಸುರಿಯಿತು. ಪ್ರೆಸ್ಸು ಬಿತ್ತು. ಗಾಳಿ ಚಿಮ್ಮಿತು. "ಲೇ, ನಮ್ಮ ಮೂರನೇ ನಂಬರ್ ಮಿಷನ್ನು ಕಣ್ಲಾ!" ಅಂತ ಯಾರೋ ಅಂದರು. ತಲೆಗಳು ತೂಗತೊಡಗಿದವು. ಸೂಪರ್‌ವೈಸರ್ ಸಾಹೇಬರು ಈರುಳ್ಳಿ ಕಣ್ಣಲ್ಲೇ ತೊಡೆ ತಟ್ಟುತ್ತಿದ್ದರು. ನಾನು ನಾನಾಗಿರಲಿಲ್ಲ, ಗಂಧರ್ವನಾಗಿದ್ದೆ! ತಾಳ ಏರಿಸಿ ಏರಿಸಿ, ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಶಿಫ್ಟು ಮುಗಿದಾಗ ನಮ್ಮ ಕಂಪನಿಯಲ್ಲಿ ಕೂಗುವ ಸೈರನ್ನು, ಉದ್ದಕ್ಕೆ, ಪೂರ್ತಿ ದನಿಯಲ್ಲಿ.

ಅಷ್ಟೂ ಜನ ಒಟ್ಟಿಗೆ ಎದ್ದು ನಿಂತರು!

ಎದ್ದು ನಿಂತು ಗೌರವ ಕೊಡುವುದನ್ನು ಟಿ.ವಿ.ಯಲ್ಲಿ ನೋಡಿದ್ದೆ, ನಮ್ಮಂಗಳದಲ್ಲೇ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಎದೆ ತುಂಬಿ, ಕೈ ಮುಗಿದು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಸ್ವಲ್ಪ ದೀರ್ಘವಾಗಿಯೇ ಮಾಡಿದೆ. ತಲೆ ಎತ್ತಿ ನೋಡಿದರೆ ಜಮಖಾನ ಖಾಲಿ! ಇಡೀ ಶಿಫ್ಟು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಸಾಲು ಹಿಡಿದು ಬಸ್ಸು ಹತ್ತುತ್ತಿತ್ತು. ಡ್ರೈವರ್ರು ಬಸ್ಸು ಸ್ಟಾರ್ಟ್ ಮಾಡಿಯೂ ಬಿಟ್ಟಿದ್ದ. ಸಿದ್ಧಾರ್ಥ ಫುಟ್‌ಬೋರ್ಡಿನ ಮೇಲೆ ನಿಂತು ನನಗೆ ಕೈ ಬೀಸುತ್ತಿದ್ದ, ದಿನಾ ಸಂಜೆ ಬೀಸುವ ಹಾಗೆ.

"ಅಯ್ಯೋ ಶಿವನೆ," ಅಂದಳು ಅವ್ವ. "ಮುಯ್ಯಿಗೆ ಬಂದೋರು ಉಣ್ದೆ ಹೋಯ್ತಾ ಅವ್ರಲ್ಲೋ. ಮುದ್ದೆ ಕಟ್ಟಿಟ್ಟಿವ್ನಿ, ಕೋಳಿ ಸಾರು ಮಾಡೀವ್ನಿ. ಊರು ನಗ್ತದೆ, ಕರೀಲಾ."

ನಾನು ಕೂಗಿದೆ. ಬಸ್ಸಿನ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ. ರತ್ನ ನನ್ನ ರಟ್ಟೆ ಹಿಡಿದು ಕೀಬೋರ್ಡಿನ ಮುಂದೆ ಎಳೆದು ತಂದಳು.

"ಇದ್ರಲ್ಲಿ ಊಟದ ಸೈರನ್ ಐತಾ?"

ಇತ್ತು. ಎರಡು ಸಲ ಚಿಕ್ಕದಾಗಿ ಕೂಗುವುದು. ಬೇಕಾಗಬಹುದು ಅಂತ ತುಂಬಿದ್ದೆ, ಕಚೇರಿಗೆ ಸೇರಿಸಿರಲಿಲ್ಲ. ಒತ್ತಿದೆ. ಬಸ್ಸು ಗಕ್ಕನೆ ನಿಂತಿತು. ಇಳಿದರು, ಕೈ ತೊಳೆದರು, ಒಬ್ಬರ ಪಕ್ಕ ಒಬ್ಬರು ಎಲೆ ಮುಂದೆ ಕೂತರು.

ನಾನು ತಲೆ ತಗ್ಗಿಸಿಕೊಂಡು ಪಂಕ್ತಿಯ ತುದಿಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದೆ. ಅಷ್ಟರಲ್ಲಿ ಆ ತುದಿಯಿಂದ ಜೋರಾಗಿ ಬಂತು: "ಒನ್ಸ್ ಮೋರ್!" ಇನ್ನೊಂದು ದನಿ ಸೇರಿತು, ಆಮೇಲೆ ಇಡೀ ಪಂಕ್ತಿ. ನನ್ನ ಮೈ ಜುಮ್ಮೆಂದಿತು. ಹೆದರಿಕೆ ಎಲ್ಲಿಯದು? ಎಂಜಲು ಕೈಯಲ್ಲೇ ಎದ್ದು ಕೀಬೋರ್ಡಿನ ಕಡೆ ಹೆಜ್ಜೆ ಹಾಕಿದೆ.

ರತ್ನ ಪಾತ್ರೆ, ಸೌಟು ಹಿಡಿದುಕೊಂಡು ನನ್ನ ಪಕ್ಕದಲ್ಲೇ ಹಾದು ಹೋದಳು. ಹೋಗುತ್ತ ಹೋಗುತ್ತ ಮೊಣಕೈಯಲ್ಲಿ ಮೆತ್ತಗೆ ತಿವಿದು ಹೇಳಿದಳು: "ಕುಂತ್ಕಂಡು ಉಣ್ಣಿ. ಅವ್ರು ಕೇಳ್ತಾ ಇರೋದು ಸಾರನ್ನ."